ನಾಲಗೆಯ ಕೆಳಗೆ

ಹತ್ತೂವರೆಯ ಟ್ರಿಪ್ಪಿಗೆ ಇನ್ನೂ ನಲವತ್ತು ನಿಮಿಷ.
ಕಾಸರಗೋಡಿನ ದೊಡ್ಡಾಸ್ಪತ್ರೆ, ಮೂಲೆಯ ಕೋಣೆ.
ಬೆಂಚಿನ ಮೇಲೆ ಆರು ಮಂದಿ
ಬಾಯಿ ಮುಚ್ಚಿ ಕೂತಿದ್ದೇವೆ.

ನುಂಗಬಾರದು, ಮಾತಾಡಬಾರದು.
‘ಅಲಿಯಟ್ಟೆ’ ಅನ್ನುತ್ತಾಳೆ ಸಿಸ್ಟರ್ ಲಿಸ್ಸಿ. ಕರಗಲಿ.
ಮೊದಲ ದಿನ ನಡುಗುತ್ತ, ಆಕಳಿಸುತ್ತ ಬಂದವನಿಗೆ
ಅದು ‘ಅಳಲಿ’ ಎಂದೇ ಕೇಳಿಸಿತ್ತು.
ಅತ್ತಿದ್ದೆ.

ಮೊಗ್ರಾಲ್, ಕುಂಬಳೆ, ಉಪ್ಪಳ, ಹೊಸಂಗಡಿ
ಕೂಗಿ ಕೂಗಿ ಬದುಕಿದ ನಾಲಗೆ ಇದು,
ಮೂರು ಭಾಷೆಯಲ್ಲಿ ಸುಳ್ಳು ಹೇಳಿ
ಸಾಲ ಎತ್ತಿದ್ದೂ ಇದೇ.
ಈಗ ಅದರಡಿ ಒಂದು ಬಿಳಿ ಮಾತ್ರೆ
ಅವಸರವಿಲ್ಲದೆ ಕೂತಿದೆ.

ಫೋನಿನಲ್ಲಿ ಅಣ್ಣನ ದನಿ:
‘ಒಂದು ಬಿಟ್ಟು ಇನ್ನೊಂದು ಹಿಡಿದೆ. ಅಷ್ಟೇ ಅಲ್ವಾ?’
ನಾಲಗೆ ಎತ್ತುವಂತಿಲ್ಲ.

ಹಮೀದ ಏನೂ ಹಿಡಿಯದೆ ಬಿಟ್ಟಿದ್ದ,
ಬರೀ ಛಲದಲ್ಲಿ, ಹತ್ತೊಂಬತ್ತು ದಿನ.
ಇಪ್ಪತ್ತನೆಯ ದಿನ
ಹಳೇ ಅಳತೆಯಲ್ಲೇ ಚುಚ್ಚಿಕೊಂಡ.
ಮೈ ಅಷ್ಟರಲ್ಲಿ ಆ ಅಳತೆ ಮರೆತಿತ್ತು.

ಗೋಡೆಯ ಗಡಿಯಾರ ನಾಲ್ಕು ನಿಮಿಷ ಹಿಂದೆ.
ಬಾಯಿ ತೆರೆದು ತೋರಿಸುತ್ತೇನೆ. ಖಾಲಿ.
ಮುಕ್ಕಳಿಸಿ, ಸಹಿ ಹಾಕಿ, ಓಡುತ್ತೇನೆ.

ಅಣ್ಣನಿಗೆ ಸಂಜೆ ಹೇಳಬೇಕು:
ಮೂರು ತಿಂಗಳಿಂದ
ಚೀಲದ ಚಿಲ್ಲರೆ
ಟಿಕೇಟಿನ ಲೆಕ್ಕಕ್ಕೆ ಸರಿಹೋಗುತ್ತಿದೆ.

ಬಾಗಿಲಿಗೆ ನೇತುಬಿದ್ದು
‘ತಲಪಾಡಿ, ತಲಪಾಡಿ’ ಎನ್ನುವಾಗ
ಇನ್ನೂ ಸ್ವಲ್ಪ ಕಹಿ.