ಬಂಡೆಯ ಅಳತೆ

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ
ರಿಪ್ಪನ್‌ಪೇಟೆಯ ನನ್ನಂಗಡಿ ಕಟ್ಟೆಯ ಮೇಲೆ
ನಾಲ್ಕು ಚಡ್ಡಿ, ಎರಡು ಪ್ಯಾಂಟು.
ಎಲ್ಲಕ್ಕೂ ಒಂದೇ ಕಡೆ ತೂತು.
ಕೇಳುವುದೇ ಬೇಡ, ನಿನ್ನೆ ಬಂಡೆಗೆ ಹೋಗಿದ್ದಾರೆ.

ಇಪ್ಪತ್ತಾರು ವರ್ಷದಿಂದ ಆ ಬಂಡೆಯ ಗುರುತು ನನಗೆ
ಹೀಗೇ, ತೂತಿನ ಕಡೆಯಿಂದ.
ಟೆರಿಕಾಟನ್ನು ನೂಲುನೂಲಾಗಿ ಬಿಡುತ್ತದೆ.
ಜೀನ್ಸು ಮೊದಲು ಬೆಳ್ಳಗೆ ಸವೆದು, ಆಮೇಲೆ ಬಾಯಿಬಿಡುತ್ತದೆ.
ಎಡಗಡೆ ಯಾವಾಗಲೂ ಒಂದು ಬೆರಳು ಹೆಚ್ಚು:
ಅಲ್ಲೊಂದು ತಿರುವಿರಬೇಕು ಎಂದುಕೊಂಡಿದ್ದೆ
ಸೂಜಿಗೆ ದಾರ ಪೋಣಿಸುತ್ತ.
ಒಮ್ಮೊಮ್ಮೆ ಹೊಲಿಗೆಯ ಮಡಿಕೆಯಲ್ಲಿ ಪಾಚಿ.
ಒಮ್ಮೆ ಜೇಬಿನಲ್ಲಿ ಬೆರಳುದ್ದದ ಮೀನು, ಒಣಗಿ.

ಧರಣೇಂದ್ರನ ಚಡ್ಡಿಗೆ ಹಾಕಿದ ತೇಪೆ
ಅವನ ಮಗನ ಚಡ್ಡಿಗೂ ಹಾಕಿದೆ.
ಅದೇ ಜಾಗ.
"ಅಕ್ಕಾ, ಮನೇಲಿ ಹೇಳಬೇಡಿ"
ಅದೇ ಮಾತು.

ಈ ಸಲ ದೀಪಾವಳಿಯ ಹೊಲಿಗೆ ಮುಗಿದ ಶನಿವಾರ
ಮಷಿನ್ನಿನ ಬೆಲ್ಟು ಹರಿಯಿತು.
ಶಿವಮೊಗ್ಗದಿಂದ ಬರಬೇಕು, ಬುಧವಾರ ಅಂದರು.
ಕಾಜಾ ಕಲಿಯುವ ನಸೀಮಾ ಕತ್ತರಿ ಕೆಳಗಿಟ್ಟು
"ನಾಳೆ ನೋಡಿಯೇ ಬರೋಣ, ಬನ್ನಿ" ಎಂದಳು.

ಬಸ್ಸಿಳಿದು ಮುಕ್ಕಾಲು ಗಂಟೆ ಕಾಡು.
ಇಂಬಳಕ್ಕೆಂದು ಕಾಲಿಗೆ ಹೊಗೆಸೊಪ್ಪಿನ ನೀರು.
ಎಲ್ಲೋ ಸಿಳ್ಳಾರ ಹಕ್ಕಿ, ಶಾಲೆ ತಪ್ಪಿಸಿದ ಹುಡುಗನಂತೆ,
ರಾಗ ಶುರುಮಾಡಿ ಅರ್ಧಕ್ಕೇ ಬಿಟ್ಟಿತು.
ಮತ್ತಿಮರಗಳ ಸಂದಿಯಿಂದ ಮೊದಲು ಕೇಕೆ,
ಆಮೇಲೆ ನೀರು, ಕೊನೆಗೆ ಕಲ್ಲು.

ನಾನಂದುಕೊಂಡ ತಿರುವು ಇರಲೇ ಇಲ್ಲ.
ಥಾನಿನಿಂದ ಸರ್ರನೆ ಬಿಚ್ಚಿದ ಬಟ್ಟೆಯ ಹಾಗೆ ನೆಟ್ಟಗೆ ಇಳಿದಿತ್ತು.
ಎಡಕ್ಕೆ ಮಾತ್ರ ಬೆಣಚುಕಲ್ಲಿನ ಒಂದು ಬಿಳಿ ಎಳೆ,
ಕಚ್ಚಾ ಹೊಲಿಗೆ ಹಾಕಿ ಬಿಚ್ಚಲು ಮರೆತಂತೆ
ಎದ್ದು ನಿಂತಿತ್ತು.
ಬಗ್ಗಿ ಮುಟ್ಟಿದೆ. ಓ, ನೀನಾ.

ನಡುವಿನ ತಗ್ಗಿಗೆ ಗೇಣು ಹಾಕಿ ನೋಡಿದೆ:
ಎರಡು ಗೇಣು, ಮೇಲೆ ನಾಲ್ಕು ಬೆರಳು.
ದೊಡ್ಡವರ ಪ್ಯಾಂಟಿನ ಸೀಟಿನ ಅಳತೆ.
ಬಟ್ಟೆಯೇ ಸವೆಯುವುದೆಂದು ತಿಳಿದಿದ್ದೆ ಇಷ್ಟು ದಿನ.
ಬಂಡೆಯೂ ಸವೆದಿತ್ತು,
ಊರಿನ ಎಷ್ಟು ಕುಂಡೆಗಳು ಕೂತೆದ್ದವೋ.

ನಸೀಮಾ ಚೂಡಿದಾರ ಮುದುಡಿ ಹಿಡಿದು ಹೋಗೇಬಿಟ್ಟಳು.
ಕೆಳಗಿನ ಗುಂಡಿಯಿಂದ ಅವಳ ತಲೆ ಎದ್ದು
"ಬನ್ನೀ" ಎಂದಿತು.
ಧರಣೇಂದ್ರನ ಮಗ ಗೊಬ್ಬರದ ಚೀಲ ಮಡಚಿ ತಂದ:
"ಅಕ್ಕಾ, ಇದರ ಮೇಲೆ ಕೂತರೆ ಹರಿಯಲ್ಲ."
ಬೇಡವೋ, ಹೊಲಿಯುವವಳು ನಾನೇ ಅಲ್ಲವೇನೋ.

ಐವತ್ನಾಲ್ಕು ವರ್ಷದ ಮೈ.
ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ನೀಡಿ, ಕೂತೆ.
ತಣ್ಣಗಿತ್ತು.
ಯಾರೂ ನೂಕಲಿಲ್ಲ. ನಾನೂ ಹೊರಡಲಿಲ್ಲ.
ಕೈ ಬಿಟ್ಟಿದ್ದು ಯಾವಾಗ, ನೆನಪಿಲ್ಲ.

ಆಮೇಲಿನದು ಎಷ್ಟೆಂದು ಟೇಪು ಹಿಡಿಯಲಾರೆ.
ಮೂಗಿನಲ್ಲಿ ನೀರು, ಬಾಯಲ್ಲಿ ಯಾರದೋ ಕಿರುಚು,
ನನ್ನದೇ.

ಬರುವಾಗ ಬಸ್ಸಿನಲ್ಲಿ ನಿಂತೇ ಇದ್ದೆ,
ಸೀಟು ಖಾಲಿಯಿದ್ದರೂ, ಬೆನ್ನನ್ನು ಕಂಬಿಗೆ ಒತ್ತಿ.
"ನಮ್ಮತ್ತೆಗೆ ಹೇಳಬೇಡ ಮಾರಾಯ್ತಿ" ಎಂದೆ.
ನಸೀಮಾ ನಕ್ಕಿದ್ದಕ್ಕೆ ಕಂಡಕ್ಟರು ತಿರುಗಿ ನೋಡಿದ.

ಸೀರೆ ಇನ್ನೂ ಮಷಿನ್ನಿನ ಪಕ್ಕ ಮಡಚಿದೆ.
ಬೆಲ್ಟು ಬುಧವಾರವೇ ಬಂತು.
ಎಡಗಡೆ ಒಂದು ಬೆರಳು ಹೆಚ್ಚು.