ಎಡಗಾಲು

ಮೂವತ್ತೊಂದು ವರ್ಷ ಡುಲೂತಿನ ಶಾಲೆಮಕ್ಕಳ ಬಸ್ಸು ಓಡಿಸಿದವಳು ನಾನು.
ಇವತ್ತು ಹದಿನಾಲ್ಕನೇ ಸೀಟು, ಕಿಟಕಿಯ ಪಕ್ಕ.
ಯಾರೋ ಹುಡುಗ ಓಡಿಸುತ್ತಿದ್ದಾನೆ.
ತಿರುವು ಬಂದಾಗೆಲ್ಲ ನನ್ನ ಬಲಗಾಲು
ಇಲ್ಲದ ಬ್ರೇಕನ್ನು ಒತ್ತುತ್ತದೆ.
ಪಕ್ಕದವನು ಎರಡು ಸಲ ನೋಡಿ
ತನ್ನ ಚೀಲವನ್ನು ಅತ್ತ ಸರಿಸಿಕೊಂಡ.

ಹೊರಗೆ ವಿಸ್ಕಾನ್ಸಿನ್. ಹಿಮ, ಕಣಜ, ಹಿಮ.
ಚೀಸ್ ಅಂಗಡಿಯ ಮಾಡಿನ ಮೇಲೆ ಪ್ಲಾಸ್ಟಿಕ್ಕಿನ ಹಸು,
ಅದರ ಬೆನ್ನ ಮೇಲೂ ಹಿಮ.

ಆರುನೂರು ಮೈಲಿ,
ಒಂದು ಆರ್ಗನ್ನು, ಒಂದು ಗಿಟಾರು, ಒಂದು ಡ್ರಮ್ಮು ಕೇಳಲಿಕ್ಕೆ.
‘ಹತ್ತಿರದಲ್ಲೆಲ್ಲೂ ಸಿಗೋದಿಲ್ವೇನೆ?’ ಅಂದಿದ್ದಳು ತಂಗಿ ಅರ್ಡೆಲ್.
ಸಿಗುತ್ತದೆ. ಹಸಿದವರಿಗೆ ಊಟ ಎಲ್ಲಾದರೂ ಸಿಗುತ್ತದೆ.
ನನ್ನದು ಹಸಿವಲ್ಲ, ಬಾಕಿ.

ಇಪ್ಪತ್ತೇಳನೇ ನಂಬರಿನ ಬಸ್ಸಿನಲ್ಲಿ
ನನಗಿಂತ ಹಿಂದಿನ ಡ್ರೈವರು ಬಿಟ್ಟುಹೋದ ಕ್ಯಾಸೆಟ್ಟು.
ಮೇಲೆ ಪೆನ್ಸಿಲಿನಲ್ಲಿ: ಥಿಯೋಟಿಸ್ ಗ್ರೇಡಿ, ಇಂಡಿಯಾನಾಪೊಲಿಸ್, ಬುಧವಾರ.
ಯಾವ ವರ್ಷದ ಬುಧವಾರವೋ.
ಕೊನೆಯ ಮಗುವನ್ನು ಇಳಿಸಿ
ಖಾಲಿ ಬಸ್ಸನ್ನು ಡಿಪೋಗೆ ತರುವಾಗ ಹಾಕುತ್ತಿದ್ದೆ.
ಎರಡನೇ ಮಗ್ಗುಲಿನ ಕೊನೆಯಲ್ಲಿ
ಆರ್ಗನ್ನು ಒಂದೊಂದೇ ಮೆಟ್ಟಿಲು ಹತ್ತಿ, ನಿಂತು, ಮತ್ತೆ ಹತ್ತಿ,
ಮೇಲಿನ ಬಾಗಿಲಿಗೆ ಕೈಯಿಟ್ಟಿತು ಅನ್ನುವಷ್ಟರಲ್ಲಿ
ಟಕ್.
ಟೇಪು ಮುಗಿಯಿತು.
ದಿನಾ ಮುಗಿಯಿತು.

ಓ ಕ್ಲೇರಿನಲ್ಲಿ ಬಸ್ಸು ನಾಲ್ಕು ತಾಸು ಹೂತಿತು.
ಹಾಗಾಗಿ ನಾನು ತಲುಪುವಾಗ ಮೊದಲ ಸುತ್ತು ಆಗಿಹೋಗಿತ್ತು.
ಲಾಂಡ್ರಿಯ ಹಿಂದಿನ ಓಣಿ. ಬಾಗಿಲಲ್ಲಿ ಹತ್ತು ಡಾಲರು.
ಒಳಗೆ ಇಪ್ಪತ್ತು ಜನರಿರಬಹುದು, ಸೋಪು, ಕರಿದ ಮೀನು, ಒದ್ದೆ ಕೋಟುಗಳ ವಾಸನೆ.
ಜಾಗವಿದ್ದದ್ದು ಒಂದೇ ಕಡೆ, ಆರ್ಗನ್ನಿನ ಬುಡದಲ್ಲಿ.

ಎಂಬತ್ತೊಂದರ ಮುದುಕ. ಬೂಟು ಬಿಚ್ಚಿಟ್ಟಿದ್ದ.
ಕಾಲುಚೀಲದ ಹಿಮ್ಮಡಿಯಲ್ಲಿ ನಾಣ್ಯದಷ್ಟು ತೂತು.
ಬಾಸ್ ನುಡಿಸಲಿಕ್ಕೆ ಬೇರೆ ಆಳಿಲ್ಲ,
ಆ ಚಾಕರಿಯೆಲ್ಲ ಎಡಗಾಲಿನದು.
ಮೇಲೆ ಕೈಗಳು ದೀಪದಲ್ಲಿ ಮೆರೆಯುತ್ತಿದ್ದರೆ
ಕೆಳಗೆ ಕತ್ತಲಲ್ಲಿ ಅದೊಂದು
ಹಲಗೆಯಿಂದ ಹಲಗೆಗೆ ತಡವಿ ತಡವಿ ನಡೆಯುತ್ತಿತ್ತು.
ಆ ನಡಿಗೆ ನನಗೆ ಗೊತ್ತು.
ಮಂಜುಗಡ್ಡೆಯ ಇಳಿಜಾರಿನಲ್ಲಿ, ಹಿಂದೆ ನಲವತ್ತು ಮಕ್ಕಳು,
ಹಳೇ ಬಸ್ಸಿನ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುವುದು.
ಯಾರೂ ಚಪ್ಪಾಳೆ ಹೊಡೆಯುವುದಿಲ್ಲ ಅದಕ್ಕೆ.

ಬಿಡುವಿನಲ್ಲಿ ಕ್ಯಾಸೆಟ್ಟು ಕೊಟ್ಟೆ.
ತಿರುಗಿಸಿ ನೋಡಿದ. ‘ಇದು ನಾನೇ?’
ಆ ಹಾಡಿಗೆ ಹೆಸರೇನು ಅಂದೆ.
‘ಬಾಯಲ್ಲಿ ಅಂದು ತೋರಿಸಮ್ಮ.’
ತೋರಿಸಿದೆ, ಶ್ರುತಿಯಿಲ್ಲದೆ, ಕಿವಿ ಕೆಂಪಾಗಿ.
ಡ್ರಮ್ಮಿನ ಹುಡುಗಿ ಒಡೆಸ್ಸಾ ತುಟಿ ಕಚ್ಚಿ ನಗು ತಡೆದಳು.
‘ಓ, ಅದಾ! ಬಾಡಿಗೆ ಕಟ್ಟಲು ಕಾಸಿಲ್ಲದ ತಿಂಗಳು ಕಟ್ಟಿದ್ದು’ ಅಂದ ಮುದುಕ.

ನುಡಿಸಿದ.
ಗಿಟಾರಿನವನು ಫ್ಯಾನು ನೋಡುತ್ತ ಹಿಂದೆಯೇ ಬಂದ.
ಮರದ ಪೆಟ್ಟಿಗೆಯೊಳಗೆ ಕೊಂಬು ತಿರುಗತೊಡಗಿ
ಸ್ವರಕ್ಕೆ ಚಳಿ ಹಿಡಿದಂತಾಯಿತು.
ಮೆಟ್ಟಿಲು. ನಿಂತು, ಮತ್ತೆ ಮೆಟ್ಟಿಲು.
ನನ್ನ ಉಸಿರು ಗಂಟಲಲ್ಲಿ.
ಬಾಗಿಲಿಗೆ ಕೈಯಿಟ್ಟ —

ಟಕ್ ಅಂದಿತು ನನ್ನ ಕಿವಿಯೇ.
ಅಷ್ಟು ವರ್ಷ ಕಲಿತ ಪಾಠ,
ಅದಕ್ಕೆ ತಾನಾಗಿ ನಿಲ್ಲುವುದೇ ಗೊತ್ತು.
ನಾನು ಮರಳಿ ಬರುವಷ್ಟರಲ್ಲಿ
ಎಲ್ಲರೂ ಒಳಹೊಕ್ಕು ಹೊರಬಂದಿದ್ದರು,
ಯಾವುದಕ್ಕೋ ಮೇಜು ಗುದ್ದುತ್ತಿದ್ದರು.

‘ಏನಿತ್ತು ಅಲ್ಲಿ?’ ಅಂದೆ, ಮೀನು ತಿನ್ನುತ್ತಿದ್ದ ಹೆಂಗಸಿಗೆ.
‘ಎಲ್ಲಿ?’ ಅಂದಳು.

ನೆಲದ ಹಲಗೆಯ ಮೇಲೆ
ನನ್ನ ಎಡಗಾಲು ಮಾತ್ರ
ಕೇಳದೆ ಬಿಟ್ಟ ಹಾಗಿರಲಿಲ್ಲ. ಇನ್ನೂ ನಡೆಯುತ್ತಿತ್ತು.

ಬೆಳಗಿನ ಜಾವ ಬಸ್‌ ನಿಲ್ದಾಣದಲ್ಲಿ ಅರ್ಡೆಲ್‌ಳ ಫೋನು.
‘ಹೇಗಿತ್ತೇ?’
ಬುಧವಾರ ಮತ್ತೆ ಇದೆಯಂತೆ, ಅಂದೆ.