ಎರಡು ಬೆರಳಿನ ಸಂದು

ಗಾಡಿಯನ್ನು ನಾಲ್ಕಿಂಚು ಇಳಿಸಿದ್ದು ಷೋಕಿಗಲ್ಲ.
ವಾಸ್ಕೋದ ಹುಡುಗರು ಸಿಗ್ನಲ್ಲಿನಲ್ಲಿ ಬೈಕು ಒತ್ತಿಸಿ ಕೇಳುತ್ತಾರೆ:
ಅಂಕಲ್, ರೇಸಿಗೆ ಬರ್ತೀಯಾ?
ಹಿಂದಿನ ಹಲಗೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ,
ಹೊಟ್ಟಿನ ಕೆಳಗೆ ಬಂಗುಡೆಗೆಂದು ಹೊರಟ
ಐಸಿನ ಎಂಟು ದಿಮ್ಮಿ.

ಇಳಿಸಿದ್ದು ದ್ಯಾಮವ್ವನ ಹೆಗಲಿಗೆ.
ಅವಳ ಎಡಗೈ ಈಗ ಕಿವಿಯ ಮಟ್ಟ ದಾಟುವುದಿಲ್ಲ.
ಹದಿನಾರು ವರ್ಷ ಧಕ್ಕೆಯಲ್ಲಿ ಬುಟ್ಟಿ ಎತ್ತಿದ ತೋಳು ಅದು.
ಎತ್ತಬೇಡಮ್ಮ ಎಂದರು ಡಾಕ್ಟರು.
ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅವಳೆಂದಳು:
ಹಂಗಾರ ಗಾಡೀನ ಬಗ್ಗಸ್ರಿ.

ಬೊಸ್ತ್ಯಾಂವ ಬಗ್ಗಿಸಿದ.
ಆಕ್ಸಲ್ಲಿನ ಮೇಲೆ ಕೂತಿದ್ದ ಕಮಾನುಪಟ್ಟಿ
ಆಕ್ಸಲ್ಲಿನ ಕೆಳಗೆ ಜೋತುಬಿತ್ತು.
ಹಲಗೆ ಅವಳ ಸೊಂಟಕ್ಕೆ ಸರಿಯಾಯಿತು.
ಆದರೆ ದಾಬೋಳಿಯ ಇಳಿಜಾರಿನಲ್ಲಿ, ಮೊದಲ ಹಳ್ಳಕ್ಕೇ
ಧಡ್!
ಐಸು ಎರಡು ಹೋಳು. ಒಡೆದ ಐಸಿಗೆ ಅರ್ಧ ದುಡ್ಡು.

ತಪ್ಪು ಹಳ್ಳದ್ದಲ್ಲ, ಎಂದ ಬೊಸ್ತ್ಯಾಂವ
ಗಾಡಿಯಡಿ ಮಲಗಿ, ಬೀಡಿ ಕಚ್ಚಿಕೊಂಡೇ.
ಶಾಕಬ್ಸರು ಹಳೆಯ ಎತ್ತರದ್ದು,
ಈಗ ಮುದುರಿ ಕೂತಿದೆ, ಕಾಲು ಚಾಚಲು ಜಾಗವಿಲ್ಲದ
ಮೀಟರ್‌ಗೇಜ್ ರೈಲಿನ ಜನರಲ್ ಡಬ್ಬಿಯಲ್ಲಿ ಕೂತ ಹಾಗೆ.
ಅದು ನಡುದಾರಿಯಲ್ಲಿ ನಿಲ್ಲಬೇಕು, ತಿಳೀತಾ?
ಇಳಿಯಲೂ ಅಷ್ಟು, ಏರಲೂ ಅಷ್ಟು.

ಮಡಗಾಂವಿಗೆ ಹೋದೆವು. ಉಸ್ಗಾಂವಕರನ ಅಂಗಡಿ,
ಗಾಜಿನ ಕೌಂಟರಿನ ಮೇಲೆ ಗ್ರೀಸು, ದೇವರ ಪಟದ ಕುಂಕುಮ.
ಗಿಡ್ಡ ಶಾಕಬ್ಸರು ತೋರಿಸಿದ, ಬೆಲೆ ಮಾತ್ರ ಉದ್ದ.
ಬೇಡ. ಹಳೆಯದನ್ನೇ ಇಟ್ಟು
ಮೇಲಿನ ಬ್ರಾಕೆಟ್ಟು ಏರಿಸುವ ಎಂದೆ.
ಎಷ್ಟು ಏರಿಸ್ತೀರಿ? ಅಳತೆ?
ನಾನು ಜೇಬು ತಡಕಿದೆ. ಚೀಟಿ ಮನೆಯಲ್ಲೇ.
ದ್ಯಾಮವ್ವ ಗಾಜಿನ ಮೇಲೆ ಬಲಗೈ ಊರಿದಳು:
ಈಗಿರೂದು ಒಂದು ಗೇಣು, ನಾಕು ಬೆರಳು.
ಬೇಕಾದ್ದು ಅದರ ಮ್ಯಾಲೆ ಒಂದು ಮುಷ್ಟಿ.
ಅವನು ನಗದೆ ಅವಳ ಕೈ ಪಕ್ಕ ಉಕ್ಕಿನ ಪಟ್ಟಿ ಇಟ್ಟ,
ಮಿಲಿಮೀಟರು ಬರೆದುಕೊಂಡ.

ಆರು ಎಂಎಂ ದಪ್ಪದ ತಗಡೇ ಇರಲಿ.
ಬೋಲ್ಟಿಗೆ ಸತುವಿನ ಲೇಪ ಇರಲಿ,
ಉಪ್ಪುನೀರು ನಮ್ಮ ಗಾಡಿಗೆ ದಿನದ ಸ್ನಾನ.
ಕೊನೆಗೆ ಬುಶ್ಶು.
ಕರಿ ರಬ್ಬರು, ಕೆಂಪು ಪಾಲಿಯೂರಿಥೇನು, ಎರಡನ್ನೂ ಹರವಿದ.
ಕರಿಯದು ಮೆತ್ತಗೆ, ಬೇಗ ಸಾಯುತ್ತದೆ,
ಸಾಯುವ ತನಕ ಪೆಟ್ಟೆಲ್ಲ ತಾನೇ ನುಂಗುತ್ತದೆ.
ಕೆಂಪು ಗಟ್ಟಿ. ಬಾಳುತ್ತದೆ.
ಆದರೆ ಹಳ್ಳ ಸಿಕ್ಕಾಗಲೆಲ್ಲ ಸೀಟಿಗೆ ಚಾಡಿ ಹೇಳುತ್ತದೆ.
ಅವಳ ಹೆಗಲು ನೆನೆದು ನಾನು ಕರಿಯದಕ್ಕೆ ಕೈ ಹಾಕಿದೆ.
ಕೆಂಪು ಕೊಡ್ರಿ, ಎಂದಳು.
ನುಂಗೂದು ಎಷ್ಟು ದಿನದ ಬಾಳಂತ ನನಗ ಗೊತ್ತೈತಿ.
ಹಳ್ಳ ಬಂದ್ರ ಹೇಳಲಿ ಬಿಡು.

ವಾಶರು ಎಂಟು ಪುಕ್ಕಟೆ ಕೇಳಿದಳು. ಆರು ಕೊಟ್ಟ.

ಭಾನುವಾರ ಪೂಜೆ ಮುಗಿಸಿ, ಇಸ್ತ್ರಿಯ ಅಂಗಿಯಲ್ಲೇ ಬಂದು
ಬೊಸ್ತ್ಯಾಂವ ವೆಲ್ಡಿಂಗು ಹಿಡಿದ.
ಕಿಡಿ ಅಂಗಿಗೆ ಹಾರಿ ಎರಡು ತೂತು.
ಅದರ ಲೆಕ್ಕ ನನ್ನ ಬಿಲ್ಲಿನಲ್ಲಿ ಈಗಲೂ ಇದೆ.

ಸೋಮವಾರ ಎಂಟು ದಿಮ್ಮಿ ಹೇರಿ ನಿಲ್ಲಿಸಿದೆವು.
ಸೀರೆಯ ನೆರಿಗೆ ಮೊಣಕಾಲಿಗೆ ಸಿಕ್ಕಿಸಿ
ಅವಳೇ ಗಾಡಿಯಡಿ ತೂರಿದಳು,
ಆಕ್ಸಲ್ಲಿಗೂ ತಡೆರಬ್ಬರಿಗೂ ನಡುವೆ ಬೆರಳಿಟ್ಟು ನೋಡಿದಳು.
ಐಸಿನ ನೀರು ಅವಳ ಮೊಣಕೈಗಿಳಿಯುತ್ತಿತ್ತು.

ಎಷ್ಟೈತಿ?
ಎರಡು.
ಸಾಕಲ್ಲ?
ಸ್ವಲ್ಪ ಹೊತ್ತು ಉತ್ತರವಿಲ್ಲ.
ಇನ್ನೊಂದು ಬೆರಳು ಇದ್ದಿದ್ರ, ಎಂದಳು
ಅಲ್ಲಿಂದಲೇ.